ಉಸಿರು ಬಿಟ್ಟ ಮೇಲಿನ ಚಿತ್ರ

ಮೊನ್ನೆ ಲಕಮನಹಳ್ಳಿಯಲ್ಲಿ ನನ್ನ ಸ್ಕೂಟರ್ ಪಂಕ್ಚರ್ ಆಯಿತು. ಅಂಗಡಿಯವನು ಟ್ಯೂಬಿಗೆ ಸೊಲ್ಯೂಷನ್ ಹಚ್ಚಿದ್ದೇ ತಡ, ಆ ಘಾಟು ಮೂಗಿಗೆ ಬಡಿದು ಸೈಕಲ್ ಚಾಚಾ ಕಣ್ಣ ಮುಂದೆ ಬಂದು ನಿಂತರು...

ಎರಡು ಸಾವಿರದ ಇಸವಿ ದಾಟಿದ ಹೊಸತು. ದೇಶಪಾಂಡೆ ನಗರದ ಒಂದು ಸ್ಕ್ಯಾನ್ ಸೆಂಟರಿನಲ್ಲಿ ನಾನು ಸಿಟಿ ಸ್ಕ್ಯಾನ್ ಯಂತ್ರ ನಡೆಸುತ್ತಿದ್ದೆ. ಚಾಚಾ ಕಮರಿಪೇಟೆಯವರು. ಇಂಗ್ಲೆಂಡಿನ ಗ್ಯಾರೇಜೊಂದರಲ್ಲಿ ವರ್ಷಾನುಗಟ್ಟಲೆ ದುಡಿದು, ಎದೆ ಕೆಟ್ಟು, ಅಲ್ಲಿಯೇ ಎರಡೂ ಶ್ವಾಸಕೋಶ ಬದಲಿ ಹಾಕಿಸಿಕೊಂಡು, ಊರಿಗೆ ಮರಳಿ ಸೈಕಲ್ ಅಂಗಡಿ ಇಟ್ಟಿದ್ದರು. ಬೇರೆಯವರ ಶ್ವಾಸಕೋಶ ಹೊತ್ತ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು. ತಡೆಯಲಾಗದೆ ಕೇಳಿಯೇಬಿಟ್ಟೆ, "ಉಸಿರು ನಿಮ್ದ ಅನಸತೈತೇನ್ರಿ ಚಾಚಾ, ಅವರದಾ?"

"ತಗೊಳ್ಳೂದು ಅವರದು, ಬಿಡೂದು ನಂದು," ಎಂದು ನಕ್ಕರು.

ಹಾಕಿದ ಶ್ವಾಸಕೋಶವನ್ನು ಮೈ ನಿಧಾನಕ್ಕೆ ಒಲ್ಲೆ ಎನ್ನತೊಡಗಿದೆಯೋ ಎಂದು ತಿಳಿಯಲು ಆಗಾಗ ಸ್ಕ್ಯಾನ್ ಮಾಡಿಸಿ, ಫಿಲ್ಮುಗಳನ್ನು ಇಂಗ್ಲೆಂಡಿನ ಡಾಕ್ಟರಿಗೆ ಅಂಚೆಯಲ್ಲಿ ಕಳಿಸಬೇಕಿತ್ತು. ಡಾಕ್ಟರ ಪತ್ರದಲ್ಲಿ ಎರಡು ಸಲ ತೆಗೆಯಿರಿ ಎಂದಿತ್ತು: ಉಸಿರು ತುಂಬಿಕೊಂಡು ಒಮ್ಮೆ, ಪೂರ್ತಿ ಬಿಟ್ಟು ಒಮ್ಮೆ. ನಮಗೆ ಕಲಿಸಿದ್ದೇ ಬೇರೆ. ಉಸಿರು ಬಿಟ್ಟಾಗ ತೆಗೆದ ಎದೆಯ ಚಿತ್ರವೆಂದರೆ ಕೆಟ್ಟ ಚಿತ್ರ, ಬಿಸಾಕಿ ಮತ್ತೆ ತೆಗೆಯಬೇಕು. ತುಂಬಿಕೊಂಡದ್ದನ್ನಷ್ಟೇ ತೆಗೆದು ಮುಗಿಸಿದೆ.

"ಬಿಟ್ಟೂ ಒಂದು ತಗೀಬೇಕಂತ, ಬೇಟಿ," ಎಂದರು ಚಾಚಾ.

ನಾನು ನಕ್ಕೆ. "ಬಿಟ್ರ ಫೋಟೋ ಕೆಡತೈತ್ರೀ. ಇದರಾಗ ಎಲ್ಲಾ ಛಲೋ ಕಾಣಾಕತ್ತೈತಿ."

"ಹವಾ ಹಾಕಿದ ಕೂಡ್ಲೇ ಎಲ್ಲಾ ಟ್ಯೂಬೂ ಛಲೋನ ಕಾಣತಾವ," ಎಂದು ಗೊಣಗುತ್ತ ಅಂಗಿ ತೊಟ್ಟುಕೊಂಡರು. ಅಬ್ಬಾ, ಎಂಥ ಜಾಣೆ ನಾನು!

ಉತ್ತರ ಬರಲು ತಿಂಗಳುಗಳೇ ಹಿಡಿದವು. ಬಂದಾಗ ಇದ್ದದ್ದು ಒಂದೇ ಪ್ರಶ್ನೆ, ಇನ್ನೊಂದು ಚಿತ್ರ ಎಲ್ಲಿ? ಅಷ್ಟರಲ್ಲಿ ಚಾಚಾ ನಮ್ಮ ಮೆಟ್ಟಿಲು ಹತ್ತಲು ಮೂರು ಕಡೆ ನಿಲ್ಲುತ್ತಿದ್ದರು. ಈ ಸಲ ಉಸಿರು ಬಿಡಿಸಿ ತೆಗೆದೆ. ಗಾಳಿ ಹೊರಬಿದ್ದ ಶ್ವಾಸಕೋಶ ಚಿತ್ರದಲ್ಲಿ ಬೂದುಬಣ್ಣಕ್ಕೆ ತಿರುಗಬೇಕು, ಗಾಳಿ ಸಿಕ್ಕಿಬಿದ್ದ ಕಡೆ ಕಪ್ಪಾಗಿಯೇ ಉಳಿಯುತ್ತದೆ. ಚಾಚಾರ ಎದೆಯ ತುಂಬ ಕಪ್ಪು ತೇಪೆಗಳು! ಮೈ ಒಲ್ಲೆ ಎನ್ನುತ್ತಿರುವುದರ ಗುರುತು ಅದೇ. ತುಂಬಿಕೊಂಡ ಚಿತ್ರದಲ್ಲಿ ಅವು ಒಂದೂ ಇಲ್ಲ. ಅಯ್ಯೋ ಎನ್ನುವುದಕ್ಕೆ ಮೊದಲು ನನಗೆ ಸೋಜಿಗವಾಯಿತು, ಸುಳ್ಳೇಕೆ ಹೇಳಲಿ.

ಚಾಚಾಗೂ ಅಷ್ಟೇ. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಟ್ಯೂಬಿನ ವಾಲ್ವ್ ಕುಂತಂಗ ಐತಿ ನೋಡು. ಹವಾ ಒಳಗ ಹೋಗತೈತಿ, ಹೊರಗ ಬರವಲ್ದು. ಸೈಕಲ್ಲಿಗೆ ಇದ ಬೇಕು, ಮನಷ್ಯಾಗ ಬ್ಯಾಡ."

"ತಪ್ಪು ನಂದರೀ ಚಾಚಾ... ಆವತ್ತ ತಗೀಬೇಕಿತ್ತು."

"ಹೋಗ್ಲಿ ಬಿಡು. ಈಗರ ಕಾಣ್ತಲ್ಲ."

ಇಂಗ್ಲೆಂಡಿನಿಂದ ಔಷಧಿ ಬದಲಿಸಿ ಬರೆದರು. ಮುಂದಿನ ಸ್ಕ್ಯಾನಿಗೆ ಚಾಚಾ ಬರಲಿಲ್ಲ. ವಿಚಾರಿಸಲು ಕಮರಿಪೇಟೆಗೆ ಹೋದೆ. ತೀರಿಕೊಂಡು ಹದಿನೈದು ದಿನವಾಯಿತು ಎಂದು ಪಕ್ಕದ ಅಂಗಡಿಯವರು ಹೇಳಿದರು...

ಮೊದಲೇ ತಿಳಿದಿದ್ದರೆ ಇನ್ನಷ್ಟು ದಿನ ಇರುತ್ತಿದ್ದರೋ? ಎಷ್ಟೋ ಡಾಕ್ಟರುಗಳನ್ನು ಕೇಳಿದ್ದೇನೆ. ಆ ರೋಗಕ್ಕೆ ಆಗ ಮಾಡಲು ಹೆಚ್ಚೇನೂ ಇರಲಿಲ್ಲ, ಆದರೂ ಹೇಳಲಾಗದು ಎನ್ನುತ್ತಾರೆ.

ಲಕಮನಹಳ್ಳಿಯ ಅಂಗಡಿಯವನು ಗಾಲಿಗೆ ಹವಾ ತುಂಬಿ, "ಛಲೋ ಆತ್ರಿ ಮೇಡಂ, ಹೋಗ್ರಿ," ಎಂದ. ನಾನು ಹೋಗಲಿಲ್ಲ. ಅರ್ಧ ತಾಸು ಅಲ್ಲೇ ನಿಂತು, ಹವಾ ಇಳಿಯಲಿಲ್ಲ ಎಂದು ಖಾತ್ರಿಯಾದ ಮೇಲೆ ಹೊರಟೆ. ಆವತ್ತು ಚಾಚಾ ಕೇಳಿದ್ದ ಇನ್ನೊಂದು ಚಿತ್ರಕ್ಕೆ ಬೇಕಿದ್ದದ್ದು ಒಂದೇ ನಿಮಿಷ.