ದೋಣಿಯವನ ಕಿರುಬೆರಳಿನ ಉಗುರು

ಅವನ ಎಡಗೈಯ ಕಿರುಬೆರಳಿನ ಉಗುರು ಒಂದು ಅಂಗುಲ ಉದ್ದವಿತ್ತು. ತುದಿಗೆ ಮದರಂಗಿಯ ಬಣ್ಣ. ಮಾತಾಡುವಾಗ ಆ ಬೆರಳನ್ನು ಉಳಿದವುಗಳಿಂದ ದೂರ ಎತ್ತಿ ಹಿಡಿಯುತ್ತಿದ್ದ. ಹುಮನಾಬಾದಿನಲ್ಲಿ ಕುಲುಮೆ ಇಟ್ಟುಕೊಂಡು ಬಂಡಿಯ ಅಚ್ಚು ಬಡಿಯುತ್ತಿದ್ದ ನನಗೆ ಅದನ್ನು ನೋಡಿದರೆ ಮೈ ಉರಿಯುತ್ತಿತ್ತು. ದುಡಿಯುವವನ ಕೈಯಲ್ಲಿ ಅಂಥ ಉಗುರು ಒಂದು ವಾರವೂ ಉಳಿಯುವುದಿಲ್ಲ.

ಬಸವಕಲ್ಯಾಣವನ್ನು ಆಗ ಕಲ್ಯಾಣಿ ಎನ್ನುತ್ತಿದ್ದೆವು. ಅಲ್ಲಿಯ ತ್ರಿಪುರಾಂತ ಕೆರೆಯಲ್ಲಿ ಒಬ್ಬ ಸಾಹುಕಾರರು ಹಾಯಿದೋಣಿ ಇಟ್ಟಿದ್ದರು. ಮುಂಬಯಿಯಲ್ಲಿ ಯಾರೋ ಬೇಡವೆಂದು ಬಿಟ್ಟ ಹಳೆಯ ದೋಣಿ, ಸೊಲ್ಲಾಪುರದಿಂದ ಬಂಡಿಯ ಮೇಲೆ ಹೇರಿಕೊಂಡು ಬಂದದ್ದು. ಅದನ್ನು ನೋಡಿಕೊಳ್ಳಲು ಇವನು. ತನ್ನನ್ನು ಎಲ್ಲರೂ ಕಪ್ತಾನ ಎಂದು ಕರೆಯಬೇಕೆಂಬ ಆಸೆ ಬೇರೆ. ಈ ದಂಡೆಯಲ್ಲಿ ಕೂಗಿದರೆ ಆ ದಂಡೆಗೆ ಕೇಳುವ ಕೆರೆಗೆ ಒಬ್ಬ ಕಪ್ತಾನ!

ಕೆಲಸವೆಂದರೆ ದೂರ, ಮಾತೆಂದರೆ ಮುಂದೆ. ಸಮುದ್ರದಲ್ಲಿ ಅವನು ಕಂಡ ಮೀನು ಹಳ್ಳಿಖೇಡದ ಅರ್ಧ ಊರಿನಷ್ಟು, ಅವನು ಸಿಕ್ಕಿಕೊಂಡ ಬಿರುಗಾಳಿ ಏಳು ದಿನದ್ದು. "ದರಿಯಾ ನೋಡಿದವಗ ಇದು ಕೆರಿ ಅಲ್ರಿ ಉಸ್ತಾದ್, ತಾಟಿನಾಗಿನ ನೀರು" ಎನ್ನುತ್ತಿದ್ದ. ಅವನ ಹುಟ್ಟೂರು ಪಕ್ಕದ ಕೊಹಿನೂರ. ಅದರಾಚೆಗೆ ಅವನು ಕಾಲಿಟ್ಟಿದ್ದನೆಂದು ನಾನು ಒಂದು ದಿನವೂ ನಂಬಲಿಲ್ಲ.

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ, ದೋಣಿಯ ಚುಕ್ಕಾಣಿ ಅಲುಗಾಡುತ್ತದೆಂದು ಸಾಹುಕಾರರು ನನ್ನನ್ನು ಕರೆಸಿದರು. ನನ್ನ ಕುಲುಮೆ ನಿಂತದ್ದು ಅವರ ಜಾಗದಲ್ಲಿ. ಕರೆದರೆ ಹೋಗಲೇಬೇಕು. ಸತ್ಯ ಹೇಳಬೇಕೆಂದರೆ ನಾನು ದೋಣಿ ಮುಟ್ಟಿದ್ದು ಅದೇ ಮೊದಲು. ಚುಕ್ಕಾಣಿಯ ಹಲಗೆಗೆ ಜೋಡಿಸಿದ ಕಬ್ಬಿಣದ ದಂಡವೊಂದು ದೋಣಿಯ ಹಿಂಭಾಗದ ನಳಿಗೆಯಲ್ಲಿ ಹಾದು ಮೇಲೆ ಬರುತ್ತಿತ್ತು. ತಿರುಗಿಸುವ ಹಿಡಿ ಅಲ್ಲಿ. ಆ ದಂಡವನ್ನು ಕೆಳಕ್ಕೇ ಇಳಿಸಿ ತೆಗೆಯಬೇಕು, ಮೇಲಕ್ಕೆ ಬರುವುದಿಲ್ಲ. ಆಳುಗಳಿಂದ ದೋಣಿಯನ್ನು ದಂಡೆಗೆ ಎಳೆಸಿ, ಅದರ ಹಿಂಭಾಗದ ಕೆಳಗೆ ಎದೆಯುದ್ದದ ಹೊಂಡ ತೋಡಿದೆ. ಕಪ್ತಾನರು ನೆರಳಿನಲ್ಲಿ ನಿಂತು ಉಗುರಿನಿಂದ ತೋರಿಸಿದರು: "ಅಲ್ಲಿ ಇನ್ನೊಂದಿಷ್ಟು ತೋಡ್ರಿ."

ದಂಡವನ್ನು ಹುಮನಾಬಾದಿಗೆ ಒಯ್ದು, ಸವೆದ ಭಾಗಕ್ಕೆ ಹೊಸ ಕಬ್ಬಿಣ ಬೆಸೆದು, ನಳಿಗೆಯ ಕೆಳಬಾಯಿಗೆ ಹಿತ್ತಾಳೆಯ ಬಳೆ ಮಾಡಿಕೊಂಡು ಬಂದು ಕೂರಿಸಿದೆ. ಆಳುಗಳು ಹೋದ ಮೇಲೆ ದಂಡೆಯಲ್ಲಿ ಉಳಿದವರು ನಾವಿಬ್ಬರೇ. ಒಂದು ಕುಡಿಕೆ ಕೀಲೆಣ್ಣೆ ಅವನ ಮುಂದಿಟ್ಟೆ. ಬಂಡಿಯ ಅಚ್ಚಿಗೆ ನಾವು ಹಚ್ಚುವುದು ಅದನ್ನೇ, ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿ ಕಲಸಿದ್ದು.

"ದಿನಾ ಮುಂಜಾನಿ ನಳಿಗ್ಯಾಗ ಇದನ್ನ ತುಂಬ್ರಿ" ಎಂದೆ.

ಅವನು ಮೂಸಿ ನೋಡಿದ. "ನೀರಾಗಿನ ದಂಡಕ್ಕ ಇದು ನಡ್ಯಾಂಗಿಲ್ರಿ ಉಸ್ತಾದ್. ಉಸುಕು ಹಿಡೀತದ, ದಂಡ ತಿಂತದ. ಮುಂಬೈದಾಗ ನಾವು ಕಾಸಿದ ಕೊಬ್ಬು ಹಚ್ತಿದ್ವಿ."

"ಯಾವಾಗ್ರಿ? ಆ ಏಳು ದಿನದ ಬಿರುಗಾಳ್ಯಾಗೇನು?" ಎಂದು ನಕ್ಕೆ. "ನಾ ಹೇಳಿದಂಗ ಮಾಡ್ರಿ. ಇಲ್ಲಂದ್ರ ಸಾಹುಕಾರ್ರಿಗೆ ಹೇಳ್ತೀನಿ."

ಅವನು ಕುಡಿಕೆ ಎತ್ತಿಕೊಂಡು ದೋಣಿಮನೆಗೆ ಹೋದ. ಮಾತಿನ ಮಲ್ಲನ ಬಾಯಿ ಮುಚ್ಚಿಸಿದೆನೆಂದು ಊರಿಗೆ ಬಂದು ಹೆಂಡತಿಯ ಮುಂದೆ ಕೊಚ್ಚಿಕೊಂಡೆ.

ಮರುವರ್ಷದ ಬೇಸಿಗೆ. ಸಾಹುಕಾರರು ಮಗಳನ್ನು ನೋಡಲು ಬಂದ ಬೀಗರನ್ನು ದೋಣಿಯಲ್ಲಿ ಕೂರಿಸಿಕೊಂಡು ಹೊರಟರು. ಕೆರೆಯ ನಡುವೆ ಚುಕ್ಕಾಣಿಯ ದಂಡ ಮುರಿಯಿತು. ದೋಣಿ ಗಾಳಿ ಒಯ್ದತ್ತ ಹೋಗಿ ಜೊಂಡಿನೊಳಗೆ ನುಗ್ಗಿ ವಾಲಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಬೀಗರು ಸೊಂಟದವರೆಗೆ ಕೆಸರು ಬಳಿದುಕೊಂಡು ದಂಡೆ ಹತ್ತಿದರು, ಉಣ್ಣದೆ ಊರಿಗೆ ಹೋದರು.

ಸುದ್ದಿ ತಿಳಿದು ನಾನು ಕಲ್ಯಾಣಿಗೆ ಓಡಿದೆ. ಮತ್ತೆ ಹೊಂಡ ತೋಡಿದೆವು. ಮುರಿದ ದಂಡ ಇಳಿದು ಬಂತು. ಹಿತ್ತಾಳೆಯ ಬಳೆ ಇದ್ದಲ್ಲಿ ಕಬ್ಬಿಣ ಶೇಂಗಾಕಾಯಿಯ ನಡುವಿನಂತೆ ಸವೆದು ಹೋಗಿತ್ತು. ಅಂಟಿಕೊಂಡಿದ್ದ ಕರಿಯನ್ನು ಬೆರಳಲ್ಲಿ ತಿಕ್ಕಿದೆ. ತುಂಬ ಉಸುಕು. ಆ ಹೊತ್ತಿಗೇ ನನಗೆ ಎಲ್ಲ ತಿಳಿಯಿತು. ಕುಲುಮೆ ಹೋಯಿತು ಅಂದುಕೊಂಡೆ. ಮನೆಯಲ್ಲಿ ಹೆಂಡತಿಗೆ ಏಳು ತಿಂಗಳು.

"ಯಾರ ತಪ್ಪಲೇ ಇದು?" ಸಾಹುಕಾರರು ಹೊಂಡದ ಮೇಲೆ ನಿಂತು ಗುಡುಗಿದರು. ನಾನು ಕರಿ ಹತ್ತಿದ ಬೆರಳನ್ನು ಧೋತರಕ್ಕೆ ಒರೆಸಿಕೊಂಡೆ.

"ನಂದೇರಿ" ಎಂದ ಅವನು. "ಉಸ್ತಾದ್ರು ಕೊಬ್ಬು ಹಚ್ಚು ಅಂತ ಬಡ್ಕೊಂಡಿದ್ರು. ನನಗ ಅದರ ವಾಸನಿ ಆಗಲ್ರಿ. ಕೀಲೆಣ್ಣಿ ತುಂಬಿನಿ."

ಕೇಳಿದಿರಾ ಸುಳ್ಳು! ಕಣ್ಣು ಕೂಡ ಮಿಟುಕಿಸದೆ ಹೇಳಿದ. ಸಾಹುಕಾರರು ಅವನ ಕೈಯಿಂದ ದೋಣಿಮನೆಯ ಬೀಗದ ಕೈ ಕಸಿದುಕೊಂಡು ಅಲ್ಲಿಂದಲೇ ಅಟ್ಟಿದರು. ನನ್ನ ಕಡೆ ತಿರುಗಿ, "ನಿನ್ನ ಮಾತು ಕೇಳಿದ್ರ ಹಿಂಗ ಆಗ್ತಿರಲಿಲ್ಲ ನೋಡು" ಎಂದರು. ನಾನು ತಲೆಯಾಡಿಸಿದೆ. ಅದೊಂದನ್ನು ಬರೆಯಲು ಇವತ್ತಿಗೂ ಕೈ ಹಿಂಜರಿಯುತ್ತದೆ.

ದಾರಿಯಲ್ಲಿ ಅವನನ್ನು ಹಿಡಿದು ನಿಲ್ಲಿಸಿ, "ಯಾಕ ಹಂಗ ಅಂದ್ರಿ?" ಎಂದು ಕೇಳಿದೆ. ಆ ಬೆರಳನ್ನು ಎತ್ತಿ ಹಿಡಿದು, "ಸುಳ್ಳು ಹೇಳಿ ನನಗ ರೂಢಿ ಅದ ಉಸ್ತಾದ್" ಎಂದ. "ನಿಮಗಿಲ್ಲ, ಸಿಕ್ಕಿ ಬೀಳ್ತೀರಿ." ಹೋಗುವಾಗಲೂ ಜಂಬ.

ಮಳೆಗಾಲ ಮುಗಿದ ಮೇಲೆ ಹುಮನಾಬಾದಿನ ಪೇಟೆಯಲ್ಲಿ ಅವನನ್ನು ಕಂಡೆ. ಜೋಳದ ಚೀಲ ಹೊತ್ತು ಬಂಡಿಗೆ ಹೇರುತ್ತಿದ್ದ. ಚೀಲದ ಮೂಲೆ ಹಿಡಿದ ಎಡಗೈ ನನ್ನ ಕಡೆಗೇ ಇತ್ತು. ಕಿರುಬೆರಳಿನ ಉಗುರು ಬುಡದವರೆಗೆ ಮುರಿದು ಕಪ್ಪಾಗಿತ್ತು. ಅವನು ನೋಡುವ ಮೊದಲೇ ನಾನು ಬೇರೆ ಓಣಿ ಹಿಡಿದೆ.

ಆ ಚಳಿಗಾಲದಲ್ಲಿ ಅವನು ಕೊಹಿನೂರದಲ್ಲಿ ಅಕ್ಕನ ಮನೆಯಲ್ಲಿ ಜ್ವರದಿಂದ ತೀರಿಕೊಂಡನೆಂದು ಸುದ್ದಿ ಬಂತು. ದೋಣಿಗೆ ನಾನು ಹೊಸ ದಂಡ ಮಾಡಿ ಕೊಬ್ಬು ಹಚ್ಚಿ ಕೂರಿಸಿದ್ದೆ. ಕೆರೆಯಲ್ಲಿ ದೋಣಿ ಇರುವವರೆಗೂ ಅದು ಅಲುಗಾಡಲಿಲ್ಲ. ನೀರಿನಲ್ಲಿ ನಿಲ್ಲುವ ಕಬ್ಬಿಣದ ಕೆಲಸವೆಂದರೆ ಜನ ನನ್ನನ್ನೇ ಹುಡುಕಿಕೊಂಡು ಬರತೊಡಗಿದರು. ಯಾರು ಕಲಿಸಿದರು ಎಂದು ಕೇಳಿದವರಿಗೆಲ್ಲ, ನಾನೇ ಕಲಿತೆ ಎನ್ನುತ್ತಿದ್ದೆ. ಆ ಸುಳ್ಳು ಹೇಳುವಾಗ ನಾನು ಒಮ್ಮೆಯೂ ಸಿಕ್ಕಿ ಬೀಳಲಿಲ್ಲ.