ರಾಕ್ಷಸನ ನಡಿಗೆ

ನನ್ನ ಮೊಮ್ಮಕ್ಕಳೇ, ಮೊನ್ನೆ ನೆಹರು ನಗರದ ಮನೆಯಲ್ಲಿ ನೀವು ಟಿವಿಯಲ್ಲಿ ಹಳೆಯ ದೆವ್ವದ ಸಿನಿಮಾ ಹಾಕಿದಿರಿ. ಮೈತುಂಬ ಕೂದಲಿನ ರಾಕ್ಷಸನೊಬ್ಬ ಕಾಡಿನಿಂದ ಬಂದ.

“ಏ, ಬೆನ್ನಾಗ ವೇಷದ ಚೈನ್ ಕಾಣಾಕತ್ತೈತಿ ನೋಡೋ! ಕಂಬಳಿ ಹೊತ್ತ ಕರಡಿ!” ಎಂದು ಬಿದ್ದು ಬಿದ್ದು ನಕ್ಕಿರಿ.

ಆ ವೇಷದೊಳಗೆ ಇದ್ದವರು ನಿಮ್ಮ ಅಜ್ಜ. ನಮ್ಮೂರು ಗುಂಜಿಯ ಕಾಡಿಗೆ ಸಿನಿಮಾದವರು ಬಂದಾಗ, ಎಮ್ಮೆ ಮೇಯಿಸುತ್ತಿದ್ದ ಅವರನ್ನು ಎತ್ತರದ ಆಳೆಂದು ಆ ವೇಷ ಹಾಕಲು ಕರೆದಿದ್ದರು. ಸಂಜೆ ಅವರು ಮನೆಗೆ ಬಂದಾಗ, ಕುತ್ತಿಗೆಗೆ ಗೋಂದಿನಿಂದ ಅಂಟಿಸಿದ್ದ ಕೂದಲನ್ನು ನಾನೇ ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸುತ್ತಿದ್ದೆ. ಆದರೆ ಆ ಸಿನಿಮಾ ನಾನು ನೋಡಿರಲೇ ಇಲ್ಲ. ಮೊನ್ನೆ ಎಡಗಾಲು ಎಳೆದು ಹಾಕುವ ಆ ನಡಿಗೆ ಕಂಡೊಡನೆ ಗುರುತು ಸಿಕ್ಕಿತು. ಅವರು ತೀರಿಕೊಂಡ ಮೇಲೆ ಅವರು ನಡೆಯುವುದನ್ನು ಕಂಡದ್ದು ಅದೇ ಮೊದಲು.

ನನ್ನ ಕಣ್ಣಲ್ಲಿ ನೀರು ನೋಡಿ, “ಅಜ್ಜಿ ಅಂಜ್ಯಾಳ, ಬಂದ್ ಮಾಡೋ! ಅಜ್ಜೀ, ಅದು ಖರೇ ಅಲ್ಲಬೇ” ಎಂದು ಟಿವಿ ಆರಿಸಿ ನನ್ನ ಕೈ ಹಿಡಿದಿರಿ. ಆರಿಸಬೇಡಿ ಎನ್ನಲು ಬಾಯಿ ಬರಲಿಲ್ಲ. ಆ ಸಿನಿಮಾ ಹುಡುಕಿ ಹಾಕಲೂ ನನಗೆ ಬಾರದು.

ಅದಕ್ಕೇ ಬರೆದಿದ್ದೇನೆ. ಇನ್ನೊಮ್ಮೆ ಹಾಕಿರಿ. ನಾನು ಅತ್ತರೂ ನಿಲ್ಲಿಸಬೇಡಿ. ಈ ಹಾಳೆಯನ್ನು ಜೋಪಾನವಾಗಿಡಿ, ಬಾಯಿಬಿಟ್ಟು ಹೇಳುವುದು ನನ್ನಿಂದ ಆಗದು.