ಮೊಸರನ್ನ ತಿಂದ ನರಿಮರಿ

ಮರಾಠಿ ನಾಡಿನ ಕಾಮೋಠೆಯ ನಮ್ಮ ನೆಲಮಹಡಿಯ ಮನೆಯ ಹಿಂದೆ ಒಂದು ಮೋಟುಗೋಡೆ, ಅದರಾಚೆ ಖಾಡಿಯ, ಎಂದರೆ ಕಡಲ ಹಿನ್ನೀರಿನ, ಕೆಸರು, ಕಾಂಡ್ಲಾ ಪೊದೆಗಳು. ಅಲ್ಲಿ ನರಿಗಳ ಸಂಸಾರವಿತ್ತು ಎಂದರೆ ಹತ್ತಿರದ ವಾಶಿಯ ನೆಂಟರು ಇವತ್ತಿಗೂ ನಂಬುವುದಿಲ್ಲ. ಅಪ್ಪ, ಅಮ್ಮ, ಮೂರು ಮರಿ. ಮಳೆಗಾಲವಿಡೀ ಮರಿಗಳು ಅಮ್ಮನ ಹಿಂದೆಯೇ ಸುತ್ತಿ ಏಡಿ ಹಿಡಿಯುವುದನ್ನು ಕಲಿತವು. ದಸರೆ ಕಳೆಯುವಷ್ಟರಲ್ಲಿ ಎರಡು ಎತ್ತಲೋ ಹೊರಟುಹೋದವು. ಮೂರನೆಯದಕ್ಕೆ ಹೋಗುವ ಮನಸ್ಸಿರಲಿಲ್ಲ. ಒಂದು ಬೆಳಿಗ್ಗೆ ತಾಯಿ ಅದರ ತೊಡೆಗೆ ಕಚ್ಚಿ ಓಡಿಸುವುದನ್ನು ಕಂಡೆ. ತಾಯಿಯ ಮೇಲೆ ಕಲ್ಲು ಬೀಸಿದೆ.

ಅನ್ನ ಇಳಿಸಿದ ಕೂಡಲೇ ಮೊದಲ ಹಿಡಿಯನ್ನು ಗೋಡೆಯ ಮೇಲೆ ಕಾಗೆಗೆ ಇಡುವುದು ನಮ್ಮ ಮನೆಯ ರೂಢಿ. ಅಂದಿನಿಂದ ಇನ್ನೊಂದು ಹಿಡಿಯನ್ನು ಮೊಸರು ಕಲಸಿ, ತಟ್ಟೆಯಲ್ಲಿ ಗೋಡೆಯ ಬುಡಕ್ಕೆ ಇಡತೊಡಗಿದೆ. ಪುಣ್ಯದ ಕೆಲಸವೆಂದು ಒಳಗೊಳಗೇ ಬೀಗಿದ್ದೂ ಉಂಟು. ನನಗೆ ಕನ್ನಡ ಕಲಿಸಿದ ದೊಡ್ಡಮ್ಮ, ಉಡುಪಿ ಕಡೆಯವರು, ಅಡುಗೆಮನೆಯ ಕಿಟಕಿಯಿಂದಲೇ ಹೇಳಿದರು:

“ತಾಯಿ ಕಚ್ಚಿದ್ರೆ ನಿಂಗೆಂತ ಉರಿ ಮಾರಾಯ್ತಿ? ಅದಕ್ಕೆ ಹೋಗುವ ಪ್ರಾಯ ಆಯ್ತು, ಹೋಗ್ಲಿ. ನಿಂದೆಂತ ಅಲ್ಲಿ ಹೋಟೆಲು?”

ನಕ್ಕೆ, ಅನ್ನ ಇಡುವುದನ್ನು ಬಿಡಲಿಲ್ಲ. ಮರಿ ಹೋಗಲೇ ಇಲ್ಲ. ಕೆಸರಿಗೆ ಇಳಿಯುವುದನ್ನೂ ಮರೆಯಿತು. ತಟ್ಟೆಯ ಸದ್ದಿಗೆ ಕಾದು ಕೂರುತ್ತಿದ್ದದ್ದು ಕ್ರಮೇಣ ನಮ್ಮ ವಸತಿ ಸೊಸೈಟಿಯ ಮೆಟ್ಟಿಲ ತನಕ ಬಂತು. ಶಾಲೆಗೆ ಹೊರಟ ಮಗುವೊಂದರ ಊಟದ ಡಬ್ಬಿಗೆ ಬಾಯಿ ಹಾಕಿದ ದಿನ ಎಲ್ಲರೂ ಸೇರಿ ಅರಣ್ಯ ಇಲಾಖೆಯವರನ್ನು ಕರೆಸಿದರು.

ಅವರು ಬೋನು ಇಳಿಸಿದ್ದೇ ತಡ, ಕಬ್ಬಿಣ ಟಣ್ ಎಂದಿತು. ಊಟ ಬಂತೆಂದು ಮರಿ ತಾನಾಗಿಯೇ ಒಳಗೆ ನಡೆಯಿತು.

ಅವರಲ್ಲಿ ಹಿರಿಯವನು, ಇದಕ್ಕೆ ಅನ್ನ ಹಾಕುತ್ತಿದ್ದವರು ಯಾರು ಎಂದು ಮರಾಠಿಯಲ್ಲಿ ನನ್ನನ್ನೇ ಕೇಳಿದ. ಬೇಟೆಯಾಡಲು ಬರುವುದಾದರೆ ದೂರದ ಪೊದೆಗೆ ಬಿಡಬಹುದು, ಮನುಷ್ಯರ ಕೈ ನೋಡಿ ಬದುಕಿದ್ದಾದರೆ ಬಿಟ್ಟರೂ ಇನ್ನೊಬ್ಬರ ಮೆಟ್ಟಿಲಿಗೇ ಬರುತ್ತದೆ, ಬೋನೇ ಗತಿ ಎಂದ.

“ಮಾಹೀತ್ ನಾಹೀ,” ಗೊತ್ತಿಲ್ಲ ಎಂದುಬಿಟ್ಟೆ.

ಮರಿ ಪೊದೆ ಸೇರಲೆಂದು ಸುಳ್ಳು ಹೇಳಿದೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ. ಡಬ್ಬಿ ಕಳೆದುಕೊಂಡ ಮಗುವಿನ ತಾಯಿ ನನ್ನ ಪಕ್ಕದಲ್ಲೇ ನಿಂತಿದ್ದಳು.

ನನ್ನ ದನಿ ಕೇಳಿದ್ದೇ ಮರಿ ಎದ್ದು, ಸರಳುಗಳ ನಡುವೆ ಮೂತಿ ತೂರಿಸಿ, ಬಾಲ ಆಡಿಸಿತು. ಆತ ಅದನ್ನು ನೋಡಿದ, ನನ್ನನ್ನು ನೋಡಿದ. ಮತ್ತೇನೂ ಕೇಳದೆ ಬೋನಿನ ಮೇಲೆ ಗೋಣಿ ಹೊದಿಸಿದ.